ನಿಂಬೆಹಣ್ಣು ದಾಟದ ಗಾಡಿ

ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಕನ್ನೊಳ್ಳಿಯಲ್ಲಿ ಸುಮ್ಮನೆ ಕೂತ ಗಂಡಸು ಕಂಡರೆ ಅವನಿಗೆ ಜ್ವರ ಬಂದಿದೆ ಎಂದೇ ತಿಳಿಯಬೇಕು. ಅವತ್ತು ಊರಿನ ಕಬ್ಬಿಣವೆಲ್ಲ ಜಳಕ ಮಾಡುವ ದಿನ. ಕುಡಗೋಲು, ಕೊಡಲಿ, ಕುಂಟೆ, ಪಂಪಸೆಟ್ಟು, ಮೋಟರ್ ಸೈಕಲ್ಲು, ಟ್ರ್ಯಾಕ್ಟರು ಎಲ್ಲ ಅಂಗಳಕ್ಕೆ ಬರುತ್ತವೆ. ವರ್ಷವಿಡೀ ಗಾಡಿಗೆ ಒಂದು ಚರಿಗೆ ನೀರು ತೋರಿಸದವರೂ ಅವತ್ತು ತಿಕ್ಕಿದ್ದೇ ತಿಕ್ಕಿದ್ದು.

ಖಂಡೆಪ್ಪನ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ರೂಢಿಯಿತ್ತು. ತೊಳೆದ ಯಂತ್ರಗಳಿಗೆಲ್ಲ ಅವನು ಕೈಯಾರೆ ಹೊಸ ಎಣ್ಣೆ ಹಾಕುತ್ತಿದ್ದ. ಕೊಟ್ಟಿಗೆಯ ಮೂಲೆಯಲ್ಲಿ ಟ್ರ್ಯಾಕ್ಟರಿಗೆಂದು ತಂದ ತೊಂಬತ್ತು ನಂಬರಿನ ಗೇರ್ ಎಣ್ಣೆಯ ಡ್ರಮ್ಮು ಕೂತಿತ್ತು. ಟ್ರ್ಯಾಕ್ಟರಿಗೆ ಅದೇ, ಎತ್ತಿನ ಗಾಡಿಯ ಅಚ್ಚಿಗೆ ಅದೇ, ಮೇವು ಕತ್ತರಿಸುವ ಯಂತ್ರಕ್ಕೂ ಅದೇ. ಯಾಕೆ ಎಂದು ಕೇಳಿದವರಿಗೆ ಉತ್ತರ ತಯಾರಿತ್ತು.

"ನಮ್ಮ ಮನ್ಯಾಗ ಪಂಗ್ತಿಭೇದ ಇಲ್ಲೋ ತಮ್ಮಾ. ಆಳಿಗೂ ಅದ ರೊಟ್ಟಿ, ಬೀಗರಿಗೂ ಅದ ರೊಟ್ಟಿ. ಮಿಶನ್ನಿಗೂ ಅಷ್ಟ!"

ಊಟದ ವಿಷಯದಲ್ಲಿ ಇದು ದೊಡ್ಡ ಗುಣ. ಎಣ್ಣೆಯ ವಿಷಯದಲ್ಲಿ ಇದರಿಂದ ಏನಾಯಿತು ಎಂಬುದನ್ನೇ ಈಗ ಹೇಳುತ್ತಿರುವುದು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಆ ಪಂಗ್ತಿಗೆ ಹೊಸದೊಂದು ಸೇರಿತ್ತು. ಅದು ಮಗಳು ರಾಜೇಶ್ವರಿಯ ಬಿಳಿ ಕಾರು.

ರಾಜೇಶ್ವರಿ ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಕಾಲು ಸೊರಗಿತೇ ಹೊರತು ಹುಡುಗಿ ಸೊರಗಲಿಲ್ಲ. ಓದಿದಳು, ಸಿಂದಗಿಯ ಸರಕಾರಿ ದವಾಖಾನೆಯಲ್ಲಿ ಔಷಧ ಕೊಡುವ ನೌಕರಿ ಹಿಡಿದಳು. ಅವಳಿಗೆ ಕಷ್ಟವಿದ್ದದ್ದು ಕೆಲಸದಲ್ಲಲ್ಲ, ದಾರಿಯಲ್ಲಿ. ಆರು ವರ್ಷ ಖಂಡೆಪ್ಪ ದಿನಾ ಬೆಳಿಗ್ಗೆ ಮಗಳ ರಟ್ಟೆ ಹಿಡಿದು ಎತ್ತಿ ಬಾಡಿಗೆಯ ಟಂಟಂ ಆಟೋದಲ್ಲಿ ಕೂಡಿಸಿದ. ಒಳಗಿದ್ದವರು ಸರಿದು ಜಾಗ ಕೊಟ್ಟು "ಪಾಪ" ಅನ್ನುತ್ತಿದ್ದರು. ಅವಳು ಕೇಳದವಳಂತೆ ಹೊರಗೆ ನೋಡುತ್ತಿದ್ದಳು. ಆ "ಪಾಪ" ಎಂಬ ಮಾತು ಅಪ್ಪನಿಗೆ ಚುಚ್ಚಿದಷ್ಟು ಬೈಗುಳವೂ ಚುಚ್ಚುತ್ತಿರಲಿಲ್ಲ.

ಆಮೇಲೆ ಸೊಲ್ಲಾಪುರದಲ್ಲಿ ಒಬ್ಬರು ಬಳಸಿ ಬಿಟ್ಟ ಆಟೋಮ್ಯಾಟಿಕ್ ಕಾರು ಸಿಕ್ಕಿತು. ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತನ್ನಷ್ಟಕ್ಕೇ ಬೀಳುತ್ತದೆ, ಬಲಗಾಲೊಂದು ಗಟ್ಟಿಯಿದ್ದರೆ ಆಯಿತು. ರಾಜೇಶ್ವರಿ ಕಲಿತಳು, ಲೈಸೆನ್ಸು ತೆಗೆದುಕೊಂಡಳು. ಈಗ ಟಂಟಂ ತಪ್ಪಿದವರನ್ನು ಅವಳೇ ಕಾರಿನಲ್ಲಿ ಹತ್ತಿಸಿಕೊಂಡು ಹೋಗುತ್ತಾಳೆ. ಅವಳು ಕಾರು ತಿರುಗಿಸಿಕೊಂಡು ಹೋಗುವುದನ್ನು ಖಂಡೆಪ್ಪ ದಿನಾ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. ನೋಡಿ ನೋಡಿ ಅವನಿಗೆ ಸಾಕಾಗುತ್ತಿರಲಿಲ್ಲ.

ಇಂಥ ಕಾರಿಗೆ ಹಬ್ಬದ ಎಣ್ಣೆ ತಪ್ಪಿಸಲು ಅವನಿಗೆ ಮನಸ್ಸು ಬರುವುದುಂಟೇ?

ಮಗಳು ಒಳಗೆ ಅವ್ವ ಸಿದ್ದವ್ವನ ಜೊತೆ ಹೂರಣ ರುಬ್ಬುತ್ತಿದ್ದಳು. "ಅಪ್ಪಾ, ಕಾರು ನಾನ ಒರಸ್ತೇನಿ" ಎಂದರೆ, "ಗಾಡಿ ಚಾಕರಿ ನಂದು, ನೀ ಹೋಳಿಗಿ ನೋಡ" ಎಂದು ಗದರಿಸಿದ. ಬಾನೆಟ್ಟು ಎತ್ತಿ ಗೇರ್ ಎಣ್ಣೆಯ ಅಳತೆಕಡ್ಡಿ ಎಳೆದ. ಕಡ್ಡಿಯ ತುದಿಗೆ ಕೆಂಪಗೆ, ತೆಳ್ಳಗೆ ಏನೋ ಹತ್ತಿತ್ತು. ಬೆರಳಲ್ಲಿ ತಿಕ್ಕಿದ, ನೀರಿನಂತೆ ಜಾರಿತು. ಇಪ್ಪತ್ತು ವರ್ಷ ಟ್ರ್ಯಾಕ್ಟರ್ ನಡೆಸಿದ ಕೈ ಅದು. ಅದಕ್ಕೆ ಗೊತ್ತಿದ್ದ ಗೇರ್ ಎಣ್ಣೆಯೆಂದರೆ ಕಾಕಂಬಿಯ ಹಾಗೆ ಗಟ್ಟಿ.

"ಎಣ್ಣಿ ಎಲ್ಲಾ ಸತ್ತ ಹೋಗೇತಿ. ಸರಬತ್ ಆಗೇತಿ. ಇದರಾಗ ಏನು ಕಸುವು ಐತಿ?" ಎಂದು ತನಗೇ ಹೇಳಿಕೊಂಡ.

ಕೆಳಗೆ ಮಲಗಿ ಬಿರಡೆ ಬಿಚ್ಚಿ ಕೆಂಪು ಎಣ್ಣೆಯನ್ನು ತಗಡಿನ ಬೋಗುಣಿಗೆ ಇಳಿಸಿದ. ಬಿರಡೆ ಬಿಗಿದು, ಅಳತೆಕಡ್ಡಿಯ ಕೊಳವೆಗೆ ಲಾಳಿಕೆ ಇಟ್ಟು ಡ್ರಮ್ಮಿನ ಎಣ್ಣೆ ಸುರಿದ. ಆ ಗಟ್ಟಿ ಎಣ್ಣೆ ಆ ಸಣ್ಣ ಕೊಳವೆಯಲ್ಲಿ ಇಳಿಯಲು ಒಲ್ಲೆ ಎಂದಿತು. ಗಾಡಿಯೇ ಬೇಡ ಎಂದು ಹೇಳುತ್ತಿತ್ತು, ಕೇಳುವವರಾರು? ಎಣ್ಣೆಯ ಡಬ್ಬಿಯನ್ನು ಬಿಸಿಲಿಗಿಟ್ಟು ಕಾಯಿಸಿ, ಒಂದೂವರೆ ತಾಸು ಕೂತು, ತೊಟ್ಟು ತೊಟ್ಟಾಗಿ ಇಳಿಸಿದ. ಅಷ್ಟು ಪ್ರೀತಿಯಿಂದ ತಪ್ಪು ಮಾಡಿದವನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಮರುದಿನ ಪೂಜೆ. ಕಾರಿಗೆ ಚೆಂಡುಹೂವಿನ ಮಾಲೆ, ಎರಡೂ ಬದಿಗೆ ಕಬ್ಬಿನ ಗಳ. ಸಿದ್ದವ್ವ ಕಾಯಿ ಒಡೆದು ನಾಲ್ಕೂ ಗಾಲಿಯ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಳು. ಇಂಡಿ ತಾಲೂಕಿನ ಕಡೆಯ ತೆಳುಸಿಪ್ಪೆಯ ಹಣ್ಣು, ಕೂಸು ಕಾಲಿಟ್ಟರೂ ಒಡೆಯುವಂಥವು. ಅವತ್ತು ರಜೆಯಾದರೂ ದವಾಖಾನೆಯಲ್ಲಿ ಅರ್ಧ ದಿನ ರಾಜೇಶ್ವರಿಯ ಪಾಳಿಯಿತ್ತು. ಅವಳು ಕೂತು, ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ಬಲಗಾಲು ಒತ್ತಿದಳು.

ಇಂಜಿನ್ನು ಗುರ್ರೆಂದಿತು. ಕಾರು ಅಲುಗಲಿಲ್ಲ.

ಇನ್ನಷ್ಟು ಒತ್ತಿದಳು. ಕಾರು ಮೈಯೆಲ್ಲ ನಡುಗಿ, ನಿಂಬೆಹಣ್ಣಿಗೆ ಮೂತಿ ತಾಗಿಸಿ, ಹಿಂದಕ್ಕೆ ಸರಿದು ನಿಂತಿತು. ಒಳಗಿನಿಂದ ಕುಂಯ್ ಎಂದು ಒಂದು ಸಪ್ಪಳ ಎದ್ದಿತು. ಒಂದು ನಿಂಬೆಹಣ್ಣಿನ ಮುಂದೆ ಕಾರು ಸೋತು ನಿಂತದ್ದನ್ನು ನೋಡಿ ನೆರೆಮನೆಯವರು ನಗಬೇಕೋ ಬೇಡವೋ ತಿಳಿಯದೆ ಬಾಯಿ ಮುಚ್ಚಿಕೊಂಡರು.

"ಯಾರದೋ ದೃಷ್ಟಿ ಹತ್ತೇತ್ರಿ. ಇನ್ನೊಂದ ಕಾಯಿ ಒಡೀರಿ" ಎಂದಳು ಸಿದ್ದವ್ವ.

ರಾಜೇಶ್ವರಿ ಕೂಡಲೇ ಇಂಜಿನ್ ಬಂದ್ ಮಾಡಿದಳು. ಅಪ್ಪನ ಮುಖ ನೋಡಿದಳು. ಅವನು ಕಬ್ಬಿನ ಗಳ ನೋಡುತ್ತಿದ್ದ.

"ಅಪ್ಪಾ, ನಿನ್ನೆ ಏನರೆ ಮಾಡೀಯೇನು ಇದಕ್ಕ?"

"ಏನಿಲ್ಲವಾ. ಹಳೇ ಎಣ್ಣಿ ನೀರಾಗಿತ್ತು. ತಗದು ನಮ್ಮ ಟ್ರ್ಯಾಕ್ಟರಿಂದು ಹಾಕೇನಿ. ಛಲೋ ದಪ್ಪಂದು."

ರಾಜೇಶ್ವರಿ ಬೈಯಲಿಲ್ಲ. ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟು ಒಳಗೆ ಹೋಗಿ ಸಿಂದಗಿಗೆ ಫೋನ್ ಹಚ್ಚಿದಳು. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಬಂದಗಿಸಾಬನ ಗ್ಯಾರೇಜು. ಹನ್ನೆರಡು ವರ್ಷ ಪುಣೆಯಲ್ಲಿ ಕಾರು ಬಿಚ್ಚಿ ಜೋಡಿಸಿ ಬಂದವನು. ಗ್ಯಾರೇಜಿಗೆ ಹೊಂದಿಕೊಂಡ ಸಾಮಾನಿನ ಅಂಗಡಿ ಅವನ ಹೆಂಡತಿ ಶಮ್ಶುನ್ನೀಸಾಳದು. ಅವನ ಕೈ, ಇವಳ ತಲೆ ಎಂದು ಸಿಂದಗಿಯಲ್ಲಿ ಮಾತಿದೆ. ಫೋನ್ ಎತ್ತಿ ಎಲ್ಲ ಕೇಳಿಸಿಕೊಂಡವಳು ಅವಳೇ.

"ಅಕ್ಕಾರ, ಮೊದಲ ಚಾವಿ ತಗದ ಬಿಡ್ರಿ. ಇನ್ನ ಚಾಲೂ ಮಾಡಬ್ಯಾಡ್ರಿ" ಎಂದಳು. "ಎಷ್ಟ ದೂರ ಓಡಿಸೀರಿ?"

"ಒಂದ ನಿಂಬಿಹಣ್ಣಿನಷ್ಟೂ ಇಲ್ರಿ."

"ಅಲ್ಲಾ ದೊಡ್ಡಾಂವ. ಹಂಗಾರ ಉಳೀತೈತಿ."

ಖಂಡೆಪ್ಪ ಆಗಲೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟುತ್ತಿದ್ದ. "ಎಳಕೊಂಡ ಬರ್ತೇವಿ ಅಂತ ಹೇಳ" ಎಂದು ಕೂಗಿದ. ಅದು ಫೋನಿನಲ್ಲಿ ಕೇಳಿಸಿತು.

"ಎಳೀಬ್ಯಾಡ್ರೀ ಕಾಕಾ!" ಎಂದು ಆ ಕಡೆಯಿಂದ ಶಮ್ಶುನ್ನೀಸಾ ಇನ್ನೂ ದೊಡ್ಡದಾಗಿ ಕೂಗಿದಳು. "ಆಟೋಮ್ಯಾಟಿಕ್ ಗಾಡಿ ಮುಂದಿನ ಗಾಲಿ ನೆಲದ ಮ್ಯಾಲ ಉಳ್ಳಿಸಿಕೋತ ಎಳದ್ರ ಒಳಗಿನ ಸಾಮಾನು ಎಣ್ಣಿ ಇಲ್ಲದ ತಿರಗತಾವು, ಸುಟ್ಟ ಹೋಗ್ತಾವು. ಹೊತ್ಕೊಂಡ ಬರ್ರಿ."

ಕಾರು ಹೊರುವುದು ಹೇಗೆ? ಅದು ಕನ್ನೊಳ್ಳಿಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸಂತೆಗೆ ಎತ್ತು ಸಾಗಿಸುವಾಗ ಊರ ಹೊರಗಿನ ದಿಬ್ಬಕ್ಕೆ ಟ್ರೇಲರಿನ ಬೆನ್ನು ಹಚ್ಚಿ ಹತ್ತಿಸುತ್ತಾರೆ. ಕಾರನ್ನೂ ಹಾಗೇ ಹತ್ತಿಸಿದರು. ಹತ್ತು ಜನ ಮೆಲ್ಲಗೆ ನೂಕಿದರು, ಸಿದ್ದವ್ವ ಗಾಲಿಗೆ ಅಡ್ಡ ಕಲ್ಲು ಕೊಟ್ಟಳು. ಹಬ್ಬದ ಟ್ರ್ಯಾಕ್ಟರು, ಅದರ ಹಿಂದೆ ಟ್ರೇಲರು, ಅದರ ಮೇಲೆ ಮಾಲೆ ಹಾಕಿಕೊಂಡ ಕಾರು, ಕಾರಿನೊಳಗೆ ರಾಜೇಶ್ವರಿ. ದಾರಿಯಲ್ಲಿ ಸಿಕ್ಕವರೆಲ್ಲ ನಿಂತು ನೋಡಿದರು. "ಖಂಡೆಪ್ಪಣ್ಣಾ, ಮೆರವಣಿಗಿ ಎಲ್ಲಿಗಿ? ವಾದ್ಯ ಮರತ ಬಂದೀಯಲ್ಲೋ!" ಎಂದು ಒಬ್ಬ ಕೂಗಿದ. ಖಂಡೆಪ್ಪ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ.

ಶಮ್ಶುನ್ನೀಸಾ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಬಂದಗಿಸಾಬ ಅಳತೆಕಡ್ಡಿ ಎಳೆದು ಮೂಸಿದ. ಕಡ್ಡಿಯನ್ನು ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದ.

ಖಂಡೆಪ್ಪ ಇನ್ನೂ ಸೋತಿರಲಿಲ್ಲ. "ಏನವಾ ತಂಗೀ, ಎಣ್ಣಿ ಅಂದ್ರ ಎಣ್ಣಿ. ತೆಳ್ಳಂದಕ್ಕಿಂತ ದಪ್ಪಂದು ಛಲೋ ಅಲ್ಲೇನು? ಕಂಪನಿಯವರು ತಮ್ಮ ಡಬ್ಬಿ ಮಾರಾಕ ನೂರಾಎಂಟು ಹೆಸರು ಇಡ್ತಾರ. ನಮ್ಮ ಮನ್ಯಾಗ ಪಂಗ್ತಿಭೇದ..."

"ಗೊತ್ತೈತ್ರಿ ಕಾಕಾ. ನಿಮ್ಮ ಮನಿ ಪಂಗ್ತ್ಯಾಗ ನಾನೂ ಉಂಡೇನಿ" ಎಂದು ಅವಳು ನಕ್ಕಳು. "ಪಂಗ್ತಿ ಒಂದ ಇರಲಿ. ಆದ್ರ ಆ ಪಂಗ್ತ್ಯಾಗ ಹಾಲ ಕುಡಿಯೋ ಕೂಸು ಕುಂತ್ರ ಅದಕ್ಕೂ ಖಡಕ್ ರೊಟ್ಟಿ ತಿನಸ್ತೀರೇನ್ರಿ?"

ಖಂಡೆಪ್ಪ ಟೋಪಿ ಸರಿಸಿ ತಲೆ ಕೆರೆದುಕೊಂಡ.

"ಒಂದ ಮಾತ ಹೇಳ್ರಿ. ಟ್ರ್ಯಾಕ್ಟರಿನ್ಯಾಗ ಕ್ಲಚ್ ಯಾರ ಒತ್ತತಾರ?"

"ಮತ್ಯಾರು, ನಾನ ಒತ್ತತೇನಿ. ಎಡಗಾಲಲೆ."

"ಈ ಕಾರಿನ್ಯಾಗ?"

"ಇದಕ್ಕ ಕ್ಲಚ್ ಎಲ್ಲೈತಿ?"

"ಕಾಲಿಗೆ ಸಿಗೋದಿಲ್ಲ ಅಷ್ಟ. ಒಳಗ ಐತಿ. ಸಣ್ಣ ಸಣ್ಣ ಪ್ಲೇಟ್ ಅದಾವು, ಕೂದಲಿನಂಥ ದಾರಿ ಅದಾವು. ಆ ದಾರಿಯೊಳಗ ಈ ತೆಳ್ಳನ ಎಣ್ಣಿ ಓಡಿ ಪ್ಲೇಟ್ ಒತ್ತತೈತಿ, ಬಿಡತೈತಿ. ಇಂಜಿನ್ನಿನ ಕಸುವು ಗಾಲಿಗೆ ಮುಟ್ಟಸೋದೂ ಅದ, ಒಳಗಿನ ಕಾವು ಇಳಸೋದೂ ಅದ. ಅದು ತೆಳ್ಳಗ ಇರೂದು ಸತ್ತದ್ದಕ್ಕಲ್ರಿ, ಹಂಗ ಇರಬೇಕಂತನ ಮಾಡ್ಯಾರ." ಶಮ್ಶುನ್ನೀಸಾ ದನಿ ಇಳಿಸಿದಳು. "ಕಾಕಾ, ನಿಮ್ಮ ಮಗಳ ಎಡಗಾಲು ಮಾಡಬೇಕಾದ ಕೆಲಸ ಈ ಎಣ್ಣಿ ಮಾಡತೈತಿ. ನೀವು ಆ ಕಾಲಿಗೆ ಕಲ್ಲ ಕಟ್ಟೀರಿ ನೋಡ್ರಿ."

ಖಂಡೆಪ್ಪನಿಗೆ ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆರು ವರ್ಷ ಕಾದು ಸಿಕ್ಕಿದ್ದನ್ನು ತಾನೇ ಒಂದೂವರೆ ತಾಸಿನಲ್ಲಿ ಕೆಡಿಸಲು ಕೂತಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಅವಸರವೂ ಬಂತು.

"ಹಂಗಾರ ತಡಾ ಯಾಕ? ಅಗೋ ಆ ಹಲಗಿ ಮ್ಯಾಲ ಕೆಂಪು ಎಣ್ಣಿ ಡಬ್ಬಿ ಕಾಣಾಕತ್ತೇತಿ. ಅದನ್ನ ಹಾಕಿ ಬಿಡ್ರಿ, ಮಗಳು ಡೂಟಿಗೆ ಹೋಗಲಿ."

ಈ ಸಲ ಉತ್ತರ ಕೊಟ್ಟವಳು ರಾಜೇಶ್ವರಿ.

"ಅಪ್ಪಾ, ನನ್ನ ಖಿಡಕಿ ಮುಂದ ದಿನಾ ಒಬ್ಬರರೆ ಬಂದು 'ಅಕ್ಕಾರ, ಹೋದ ಸಲದ ಕೆಂಪ ಗುಳಿಗಿ ಕೊಡ್ರಿ' ಅಂತಾರ. ಕೊಡ್ತೇನೇನು ನಾ? ಕೆಂಪು ಗುಳಿಗಿ ಹತ್ತ ನಮೂನಿ ಅದಾವು. ಒಂದು ನೆತ್ತರಿಗೆ, ಒಂದು ನೋವಿಗೆ. ಡಾಕ್ಟರ್ ಚೀಟಿಯೊಳಗ ಏನ ಬರದಾರ, ಅದರ ಹೆಸರು ನೋಡಿ ಕೊಡ್ತೇನಿ. ಬಣ್ಣ ನೋಡಿ ಕೊಟ್ರ ಮಂದಿ ಉಳೀತಾರೇನು?"

"ಗಾಡಿಗಿ ಚೀಟಿ ಎಲ್ಲಿಂದ ತರೂದವಾ?"

"ಐತ್ರೀ ಕಾಕಾ" ಎಂದಳು ಶಮ್ಶುನ್ನೀಸಾ. "ಗಾಡಿ ಜೊತಿ ಒಂದ ಬುಕ್ಕ ಬಂದಿರತೈತಿ. ಯಾವ ಎಣ್ಣಿ, ಯಾವ ನಂಬರು, ಎಷ್ಟು ಹಾಕಬೇಕು, ಯಾವಾಗ ಬದಲಿ ಮಾಡಬೇಕು, ಎಲ್ಲಾ ಬರದಿರತಾರ. ಅದ ಚೀಟಿ. ಎಲ್ಲೈತ್ರಿ ಬುಕ್ಕ?"

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬುಕ್ಕು ದೇವರ ಜಗಲಿಯ ಮೇಲಿತ್ತು! ಕಾರು ಮನೆಗೆ ಬಂದ ದಿನ ಸಿದ್ದವ್ವ ಅದನ್ನು ಅಲ್ಲಿಟ್ಟವಳು ದಿನಾ ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದಳು. ವರ್ಷವಿಡೀ ಪೂಜೆ ನಡೆದಿತ್ತು, ಒಂದು ಹಾಳೆ ತಿರುವಿದವರಿರಲಿಲ್ಲ.

"ನಂದೂ ತಪ್ಪೈತಿ. ಮಂದಿಗೆ ಚೀಟಿ ಓದ್ರಿ ಅಂತ ಹೇಳಾಕಿ, ನನ್ನ ಗಾಡೀದು ನಾನ ಓದಲಿಲ್ಲ" ಎಂದಳು ರಾಜೇಶ್ವರಿ.

ಅವಳು ದವಾಖಾನೆಗೆ ಹೋದಳು. ಖಂಡೆಪ್ಪ ಟ್ರ್ಯಾಕ್ಟರಿನಲ್ಲೇ ಊರಿಗೆ ಹೋಗಿ ಬುಕ್ಕು ತಂದ. ಅದರ ಮೇಲೆ ಆ ಬೆಳಗಿನ ಚೆಂಡುಹೂವು ಇನ್ನೂ ಬಾಡಿರಲಿಲ್ಲ. ಮಧ್ಯಾಹ್ನ ಪಾಳಿ ಮುಗಿಸಿ ಬಂದ ರಾಜೇಶ್ವರಿ ಕುಂಕುಮ ಅಂಟಿದ ಹಾಳೆ ಬಿಡಿಸಿ ಗೇರ್ ಎಣ್ಣೆಯ ಹೆಸರು, ನಂಬರು ಓದಿದಳು. ಶಮ್ಶುನ್ನೀಸಾ ಹಲಗೆಯ ಮೇಲಿನ ಕೆಂಪು ಡಬ್ಬಿ ಇಳಿಸಿ ಅದರ ಹಿಂದಿನ ಸಣ್ಣ ಅಕ್ಷರಕ್ಕೆ ಬೆರಳಿಟ್ಟು ಹೋಲಿಸಿದಳು.

"ಬಣ್ಣ ಒಂದ, ನಂಬರ್ ಬ್ಯಾರೆ. ಇದು ನಿಮ್ಮ ಗಾಡೀದಲ್ಲ. ನಾ ಮಾರೂದಿಲ್ರಿ. ಸೊಲ್ಲಾಪುರದಿಂದ ತರಸ್ತೇನಿ, ಮೂರ ದಿನ ತಡೀರಿ."

ಅಂಗಡಿಯಲ್ಲಿರುವ ಡಬ್ಬಿಯನ್ನು ಮಾರಲು ಒಲ್ಲೆನೆಂದ ಅಂಗಡಿಯವಳನ್ನು ಖಂಡೆಪ್ಪ ಮೊದಲ ಸಲ ನೋಡಿದ್ದ. ಅವಳ ಮಾತನ್ನು ಅವನು ಪೂರ್ತಿ ನಂಬಿದ್ದು ಆಗಲೇ.

ಆ ಮೂರು ದಿನ ಮತ್ತೆ ಟಂಟಂ. ಮತ್ತೆ ಅವನು ಮಗಳ ರಟ್ಟೆ ಹಿಡಿದು ಎತ್ತಿದ, ಮತ್ತೆ ಒಳಗಿದ್ದವರು ಸರಿದರು, ಮತ್ತೆ ಯಾರೋ "ಪಾಪ" ಎಂದರು. ಮೂರನೆಯ ದಿನ ಎತ್ತುವಾಗ ಅವನಿಗೆ ತಡೆಯಲಾಗಲಿಲ್ಲ. "ತಪ್ಪಾತವಾ" ಎಂದ. ರಾಜೇಶ್ವರಿ ಅವನ ಕೈ ಒತ್ತಿ, "ಇರಲಿ ಬಿಡಪ್ಪಾ. ನಾಳಿ ನಿನ್ನ ನಾ ಕುಂಡ್ರಿಸಿಕೊಂಡ ಹೋಗ್ತೇನಿ" ಎಂದಳು.

ಎಣ್ಣೆ ಬಂತು. ಡಬ್ಬಿಯ ಮೇಲಿನ ನಂಬರನ್ನು ಬುಕ್ಕಿನ ಪಕ್ಕದಲ್ಲಿಟ್ಟು ಮೂವರೂ ಓದಿದರು. ಇಂಗ್ಲಿಷ್ ಬಾರದ ಖಂಡೆಪ್ಪನೂ ಒಂದೊಂದು ಅಕ್ಷರದ ಆಕಾರ ತಾಳೆ ನೋಡಿದ. ಬಂದಗಿಸಾಬ ಗಟ್ಟಿ ಎಣ್ಣೆಯನ್ನೆಲ್ಲ ಇಳಿಸಿ, ತಳದ ತಟ್ಟೆ ಬಿಚ್ಚಿ ತೊಳೆದು, ಎಣ್ಣೆ ಸೋಸುವ ಹೊಸ ಜಾಳಿಗೆ ಕೂಡಿಸಿ, ಹೊಸ ಎಣ್ಣೆ ತುಂಬಿದ. ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಮತ್ತೆ ಇಳಿಸಿದ.

"ಹೊಸಾದು ಯಾಕ ತಗೀತಿ?" ಎಂದ ಖಂಡೆಪ್ಪ.

"ಒಮ್ಮೆ ತಗದ್ರ ಎಲ್ಲಾ ಬರಂಗಿಲ್ರಿ ಕಾಕಾ. ಅರ್ಧಕ್ಕಿಂತ ಹೆಚ್ಚು ಒಳಗ ಅಡಗಿ ಕುಂತಿರತೈತಿ. ಖಾರ ಹತ್ತಿದ ಪಾತೇಲಿ ಎರಡ ಮೂರ ಸಲ ತೊಳಿಯೂದಿಲ್ಲೇನು?" ಎಂದಳು ಶಮ್ಶುನ್ನೀಸಾ.

ಮೂರು ಸಲ ತುಂಬಿ ಇಳಿಸಿ, ನಾಲ್ಕನೆಯ ಸಲ ತುಂಬಿದ. ಇಂಜಿನ್ ಬಿಸಿಯಾದ ಮೇಲೆ, ಚಾಲೂ ಇಟ್ಟುಕೊಂಡೇ, ಸ್ವಚ್ಛ ಅರಿವೆಯಲ್ಲಿ ಕಡ್ಡಿ ಒರೆಸಿ ಅಳತೆ ನೋಡಿದ. "ಈ ಗಾಡಿ ಬುಕ್ಕಿನ್ಯಾಗ ಹಿಂಗ ನೋಡು ಅಂತ ಬರದಾರ. ಬ್ಯಾರೆ ಗಾಡೀದು ಬ್ಯಾರೆ ಇರತೈತಿ. ಗೆರಿ ದಾಟಿ ಹೆಚ್ಚಿಗೀನೂ ಹಾಕಬಾರದು" ಎಂದ. ಅಷ್ಟೇ ಅವನು ಅವತ್ತು ಆಡಿದ ಮಾತು.

ಶಮ್ಶುನ್ನೀಸಾ ಎದ್ದು ಹೋಗಿ ಒಂದು ನಿಂಬೆಹಣ್ಣು ತಂದು ತಾನೇ ಗಾಲಿಯ ಮುಂದಿಟ್ಟಳು. ರಾಜೇಶ್ವರಿ ಗೇರಿಗೆ ಹಾಕಿ ಬ್ರೇಕಿನಿಂದ ಬಲಗಾಲು ತೆಗೆದಳಷ್ಟೆ. ಕಾರು ಮೆಲ್ಲಗೆ ಉರುಳಿತು. ಪಚ್ ಎಂದು ನಿಂಬೆಹಣ್ಣು ಒಡೆದ ವಾಸನೆ ಗ್ಯಾರೇಜಿನ ತುಂಬ ಹರಡಿತು. ಖಂಡೆಪ್ಪ ಚಪ್ಪಾಳೆ ತಟ್ಟಿದ, ಆಮೇಲೆ ನಾಚಿಕೊಂಡು ಕೈಯನ್ನು ಧೋತರಕ್ಕೆ ಒರೆಸಿಕೊಂಡ.

ಹೋಗುವಾಗ ಅವನು ಮಗಳ ಪಕ್ಕದಲ್ಲಿ ಕೂತ. ಕನ್ನೊಳ್ಳಿಯ ತಿರುವಿನಲ್ಲಿ ಟಂಟಂಗೆ ಕಾಯುತ್ತಿದ್ದ ಇಬ್ಬರು ಮುದುಕಿಯರನ್ನು ರಾಜೇಶ್ವರಿ ಹತ್ತಿಸಿಕೊಂಡಳು. ಒಬ್ಬಳಿಗೆ ಮೊಣಕಾಲು ನೋವು. ಖಂಡೆಪ್ಪ ಇಳಿದು ಅವಳ ರಟ್ಟೆ ಹಿಡಿದು ಕೂಡಿಸಿದ. ಬಾಯಿ ತಪ್ಪಿ "ಪಾಪ" ಅನ್ನಲು ಹೋಗಿ ನುಂಗಿಕೊಂಡ.

ಮನೆಗೆ ಬಂದವನೇ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ ತೆಗೆದ. ಬಾನೆಟ್ಟು ಎತ್ತಿ, ಬುಕ್ಕು ನೋಡಿಕೊಂಡು, ಒಳಮೈ ಮೇಲೆ ಆ ಎಣ್ಣೆಯ ಹೆಸರು, ನಂಬರು ದೊಡ್ಡದಾಗಿ ಬರೆದ. ಅದರ ಕೆಳಗೆ ಕನ್ನಡದಲ್ಲಿ, "ಇದ ಹಾಕಬೇಕು. ಬ್ಯಾರೆ ಹಾಕಿದವ ನಮ್ಮ ಮನಿ ಮಂದಿ ಅಲ್ಲ" ಎಂದು ಸೇರಿಸಿದ. ಮೊದಲು ಆ ಮಾತಿಗೆ ಒಳಗಾಗುವವನು ಅವನೇ ಎಂದು ಸಿದ್ದವ್ವ ಇವತ್ತಿಗೂ ನಗುತ್ತಾಳೆ. ಬುಕ್ಕು ಈಗ ಜಗಲಿಯಲ್ಲಿಲ್ಲ, ಕಾರಿನ ಖಾನೆಯಲ್ಲಿದೆ.

ನಿಮ್ಮ ಊರಿನ ಸಂಘದ ಸಭೆಯಲ್ಲಿ ಇದನ್ನು ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕ್ಲಚ್ಚಿಲ್ಲದ ಗಾಡಿ ನಿಮ್ಮ ಮನೆಯಲ್ಲಿರಲಿ, ಬೀಗರ ಮನೆಯಲ್ಲಿರಲಿ, ಅದರ ಬುಕ್ಕನ್ನು ಇವತ್ತೇ ತೆಗೆಯಿರಿ. ಓದಲು ಬಾರದಿದ್ದರೆ ಓದಬಲ್ಲವರಿಂದ ಓದಿಸಿ, ಎಣ್ಣೆಯ ನಂಬರು ಬರೆದಿಟ್ಟುಕೊಳ್ಳಿ. ಬಣ್ಣ ನೋಡಿ ಕೊಳ್ಳಬೇಡಿ, ದಪ್ಪ ನೋಡಿ ಕೊಳ್ಳಬೇಡಿ, "ಎಲ್ಲಾ ಒಂದೇ" ಅನ್ನುವವರ ಮಾತು ಕೇಳಬೇಡಿ. ಡಬ್ಬಿಯ ಮೇಲೆ ನಿಮ್ಮ ನಂಬರು ಇಲ್ಲದಿದ್ದರೆ ಮೂರು ದಿನ ತಡೆಯಿರಿ. ತಪ್ಪಿ ಬೇರೆ ಎಣ್ಣೆ ಬಿದ್ದಿದ್ದರೆ ನಾಚಬೇಡಿ, ಚಾವಿ ತಿರುವದೆ, ಎಳೆಯದೆ, ಬಲ್ಲವರಿಗೆ ಫೋನ್ ಹಚ್ಚಿ. ಹೂವು, ಕಾಯಿ, ನಿಂಬೆಹಣ್ಣು ಎಲ್ಲ ಇರಲಿ, ಪೂಜೆ ಬೇಡವೆಂದವರಾರು? ಆದರೆ ಎಣ್ಣೆ ಸುರಿಯುವ ಮೊದಲು ಒಮ್ಮೆ ಓದಿ. ನಿಮ್ಮ ಅಂಗಳದ ಗಾಡಿಯಲ್ಲೂ ಆ ತೆಳ್ಳನೆಯ ಎಣ್ಣೆ ಯಾರದೋ ಕಾಲಾಗಿ ನಡೆಯುತ್ತಿರಬಹುದು.